ಎಣಿಕೆಯಲ್ಲಿ ನ್ಯಾಯವಿರಲಿ

(ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲೂಕುಗಳ ಮಸೀದಿ ಸಮಿತಿಗಳ ಪದಾಧಿಕಾರಿಗಳು ಹಾಗೂ ಓದುಗರು ಶ್ರೀರಂಗಪಟ್ಟಣದಲ್ಲಿ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾವಿಂದು ಸೇರಿರುವ ಈ ಶ್ರೀರಂಗಪಟ್ಟಣದಿಂದ ಬ್ರಿಟಿಷರು 1809ರಲ್ಲಿ ತಮ್ಮ ದಂಡನ್ನು ಎತ್ತಿಕೊಂಡು ಬೆಂಗಳೂರಿಗೆ ಹೋದರು. 1799ರಲ್ಲಿ ಟಿಪ್ಪು ಸುಲ್ತಾನರು ಹುತಾತ್ಮರಾದ ಬಳಿಕ ಹತ್ತು ವರ್ಷಗಳ ಕಾಲ ಈ ದ್ವೀಪದಲ್ಲಿ ನೆಲೆಸಿದ್ದ ಅವರ ಸೈನಿಕರನ್ನು ಬಿಡದೆ ಕಾಡಿದ್ದು ಜ್ವರ. ಇಲ್ಲಿ ಎಷ್ಟು ಮಂದಿ ಮಲಗುತ್ತಿದ್ದಾರೆ, ಬೇರೆ ದಂಡುಗಳಲ್ಲಿ ಎಷ್ಟು ಮಂದಿ ಮಲಗುತ್ತಿದ್ದಾರೆ ಎಂಬ ಹೋಲಿಕೆ ಅವರ ವೈದ್ಯರ ಮುಂದಿತ್ತು. ಆ ಹೋಲಿಕೆ ಸರಿಯಾಗಿಯೇ ಇತ್ತು. ಶ್ರೀರಂಗಪಟ್ಟಣ ರೋಗದ ಊರು, ಬೆಂಗಳೂರು ಆರೋಗ್ಯದ ಊರು ಎಂಬ ಅವರ ತೀರ್ಮಾನವನ್ನು ಅಂಕಿಅಂಶಗಳು ಸಮರ್ಥಿಸುತ್ತಿದ್ದವು. ಆದರೆ ಕಾರಣವೇನೆಂದು ಕೇಳಿದರೆ, ಇಲ್ಲಿನ ಕೆಟ್ಟ ಗಾಳಿ, ಕೊಳೆತ ಮಣ್ಣಿನಿಂದ ಏಳುವ ಆವಿ ಎಂದು ಹೇಳುತ್ತಿದ್ದರು. ಮಲೇರಿಯಾವನ್ನು ಸಾಗಿಸುವುದು ಸೊಳ್ಳೆ ಎಂಬುದನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಪತ್ತೆ ಹಚ್ಚಿದ್ದು 1897ರಲ್ಲಿ. ಅಂದರೆ ಸರಿಯಾದ ಲೆಕ್ಕದಿಂದ ತಪ್ಪು ಕಾರಣವನ್ನು ಹೊರಡಿಸಿ ಸುಮಾರು ತೊಂಬತ್ತು ವರ್ಷಗಳ ಕಾಲ ಒಂದು ಊರಿನ ಗಾಳಿಯ ಮೇಲೆಯೇ ಆರೋಪ ಹೊರಿಸಲಾಗಿತ್ತು.

ಹಳೆಯ ಈ ಸಂಗತಿಯನ್ನು ನೆನಪಿಸಿಕೊಳ್ಳಲು ಕಾರಣವಿದೆ. 2020 ಮತ್ತು 2021ರಲ್ಲಿ ನಾವು ಅನುಭವಿಸಿದ ಕೊರೋನ ಸಾಂಕ್ರಾಮಿಕದ ಕಾಲದಲ್ಲಿಯೂ ಇದೇ ನಡೆಯಿತು. ಪ್ರತಿದಿನ ಸಂಜೆ ಸರಕಾರದ ಪ್ರಕಟಣೆ ಬರುತ್ತಿತ್ತು. ರೋಗಿಯ ಸಂಖ್ಯೆ, ವಯಸ್ಸು, ಜಿಲ್ಲೆ, ಎಲ್ಲಿಂದ ಬಂದವರು, ಯಾರ ಸಂಪರ್ಕಕ್ಕೆ ಬಂದವರು ಎಂಬ ವಿವರಗಳು ಅದರಲ್ಲಿ ಇರುತ್ತಿದ್ದವು. ರಾಜ್ಯ ರಾಜ್ಯಗಳನ್ನು, ಜಿಲ್ಲೆ ಜಿಲ್ಲೆಗಳನ್ನು, ಕೊನೆಗೆ ತಾಲೂಕು ತಾಲೂಕುಗಳನ್ನು ಆ ಅಂಕಿಗಳ ಮೂಲಕ ಹೋಲಿಸಲಾಯಿತು. ಗಾಳಿಯ ಬದಲಿಗೆ ಈ ಬಾರಿ ಆರೋಪ ಹೊತ್ತವರು ಮನುಷ್ಯರು.

ಮೊದಲು ಆ ಭಾರ ಬಿದ್ದದ್ದು ಮುಸ್ಲಿಮರ ಮೇಲೆ. ದೆಹಲಿಯ ನಿಝಾಮುದ್ದೀನ್ ಮರ್ಕಝ್‌ನಲ್ಲಿ ನಡೆದ ತಬ್ಲೀಗಿ ಸಮಾವೇಶದ ಬಳಿಕ ಕೇಂದ್ರ ಆರೋಗ್ಯ ಸಚಿವಾಲಯವು ತನ್ನ ಪ್ರತಿದಿನದ ವಿವರಣೆಯಲ್ಲಿ ಆ ಒಂದು ಸಮಾವೇಶದ ಸಂಖ್ಯೆಯನ್ನು ಪ್ರತ್ಯೇಕವಾಗಿ ಓದತೊಡಗಿತು. 2020ರ ಏಪ್ರಿಲ್ 18ರಂದು ದೇಶದ ಒಟ್ಟು 14,378 ಪ್ರಕರಣಗಳಲ್ಲಿ 4,291, ಅಂದರೆ ಶೇಕಡ 29.8, ಆ ಸಮಾವೇಶಕ್ಕೆ ಸಂಬಂಧಿಸಿದವು ಎಂದು ಪ್ರಕಟಿಸಲಾಯಿತು. ಲೆಕ್ಕ ಸುಳ್ಳೇ? ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಪರೀಕ್ಷಾ ಕಿಟ್‌ಗಳ ತೀವ್ರ ಕೊರತೆಯಿದ್ದ ಆ ದಿನಗಳಲ್ಲಿ ಯಾರನ್ನು ಹುಡುಕಿ ಹುಡುಕಿ ಪರೀಕ್ಷಿಸಲಾಯಿತು? ಸಮಾವೇಶದಲ್ಲಿದ್ದವರನ್ನು, ಅವರ ಮನೆಯವರನ್ನು, ಅವರ ಸಂಪರ್ಕಕ್ಕೆ ಬಂದವರನ್ನು. ಸೋಂಕಿನ ಕೊಂಡಿಯೊಂದು ಪತ್ತೆಯಾದಾಗ ಹಾಗೆ ಹುಡುಕುವುದು ವೈದ್ಯಕೀಯ ದೃಷ್ಟಿಯಿಂದ ಸರಿ. ಹುಡುಕಿದ ಕಡೆ ಸಿಗುತ್ತದೆ, ಹುಡುಕದ ಕಡೆ ಸಿಗುವುದಿಲ್ಲ ಎಂಬ ಸರಳ ಸತ್ಯವನ್ನು ಮರೆಮಾಚಿ ಆ ಶೇಕಡವನ್ನು ಇಡೀ ಸಮುದಾಯದ ಗುಣವೆಂಬಂತೆ ಟಿ.ವಿ. ವಾಹಿನಿಗಳು ಬಿತ್ತರಿಸಿದ್ದು ಅನ್ಯಾಯ. ಆ ಸಮಾವೇಶದಲ್ಲಿ ಭಾಗವಹಿಸಿದ್ದ ವಿದೇಶೀಯರ ಮೇಲಿನ ಮೊಕದ್ದಮೆಗಳನ್ನು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು 2020ರ ಆಗಸ್ಟ್ 21ರಂದು ರದ್ದುಗೊಳಿಸಿ, ಅವರನ್ನು ಬಲಿಪಶು ಮಾಡಲಾಗಿದೆ ಎಂಬರ್ಥದಲ್ಲಿ ಟೀಕಿಸಿತು. ಅಷ್ಟರಲ್ಲಿ ತಳ್ಳುಗಾಡಿಯಲ್ಲಿ ತರಕಾರಿ ಮಾರುವವನ ಹೆಸರು ಕೇಳಿ ಹಿಂದೆ ಕಳುಹಿಸುವ ರೋಗ ನಾಡಿನ ಬೀದಿಗಳಿಗೆ ಹಬ್ಬಿಯಾಗಿತ್ತು.

ಒಂದು ತಿಂಗಳು ಕಳೆಯಿತು. ಮೇ ತಿಂಗಳಲ್ಲಿ ಆರೋಪ ಇನ್ನೊಬ್ಬರ ಹೆಗಲಿಗೆ ವರ್ಗವಾಯಿತು. ಕೆ.ಆರ್. ಪೇಟೆ ಮತ್ತು ನಾಗಮಂಗಲದ ಹಳ್ಳಿಗಳಿಂದ ಮುಂಬೈಗೆ ಹೋಗಿ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವವರು, ಆಟೋ ಮತ್ತು ಟ್ಯಾಕ್ಸಿ ಓಡಿಸುವವರು ಎಷ್ಟು ಮಂದಿ ಎಂಬುದು ಈ ಸಭೆಗೆ ನಾವು ಹೇಳಬೇಕಾದುದಲ್ಲ. ಮಳೆ ನಂಬಿದ ಹೊಲ ಕೈಕೊಟ್ಟಾಗ ಮುಂಬೈ ಇವರನ್ನು ಸಾಕಿತ್ತು. ಮುಂಬೈ ಮುಚ್ಚಿದಾಗ ಇವರು ಊರಿಗೆ ಬಂದರು. ಬಂದವರನ್ನು ಹಾಸ್ಟೆಲು, ಶಾಲೆಗಳಲ್ಲಿ ಇರಿಸಿ ಪರೀಕ್ಷಿಸಲಾಯಿತು. 2020ರ ಮೇ 19ರ ಒಂದೇ ದಿನ ಮಂಡ್ಯ ಜಿಲ್ಲೆಯಲ್ಲಿ 60ಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಆ ದಿನ ಇಡೀ ರಾಜ್ಯದಲ್ಲಿ ಪತ್ತೆಯಾದುದರ ಸುಮಾರು ಅರ್ಧದಷ್ಟು ಅದು. ಅವರಲ್ಲಿ ಬಹುತೇಕರು ಮುಂಬೈಯಿಂದ ಬಂದವರು. ಮಹಾರಾಷ್ಟ್ರದಿಂದ ಜನ ಬರುವುದನ್ನೇ ಸರಕಾರ ತಿಂಗಳ ಕೊನೆಯವರೆಗೆ ನಿರ್ಬಂಧಿಸಿತು. ಸ್ವಂತ ಮಣ್ಣಿನ ಮಕ್ಕಳನ್ನು ಊರಿನ ಬಾಗಿಲಲ್ಲಿ ತಡೆದು, ನೀವು ಬರದಿದ್ದರೆ ನಮಗೆ ಈ ರೋಗ ಬರುತ್ತಿರಲಿಲ್ಲ ಎಂದವರಿದ್ದರು. ಏಪ್ರಿಲ್‌ನಲ್ಲಿ ‘ದೆಹಲಿ’ ಎಂದು ಬೊಟ್ಟು ಮಾಡಿದ ಬೆರಳೇ ಮೇಯಲ್ಲಿ ‘ಮುಂಬೈ’ ಎಂದಿತು. ಪರೀಕ್ಷೆಗೊಳಗಾದವರಲ್ಲಿ ಹೆಚ್ಚಿನವರಿಗೆ ಕೆಮ್ಮು ಜ್ವರವೂ ಇರಲಿಲ್ಲ. ಗುಣಮುಖರಾಗಿ ಮನೆಗೆ ಹೋದರು.

ಆ ವಾರ ಯಾರಾದರೂ ಕೆ.ಆರ್. ಪೇಟೆಯನ್ನೂ ಶ್ರೀರಂಗಪಟ್ಟಣವನ್ನೂ ಹೋಲಿಸಿದ್ದರೆ ಏನು ಕಾಣುತ್ತಿತ್ತು? ಒಂದು ತಾಲೂಕು ಸೋಂಕಿನ ಕೇಂದ್ರ, ಇನ್ನೊಂದು ಸುರಕ್ಷಿತ. ಆದರೆ ಒಂದು ಕಡೆ ಬಂದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಪರೀಕ್ಷಿಸಲಾಗಿತ್ತು. ಇನ್ನೊಂದು ಕಡೆ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ತರಕಾರಿ, ಹಾಲು, ಔಷಧಿಯ ವಾಹನಗಳು ಹೋಗಿಬರುತ್ತಿದ್ದವು. ಅವುಗಳನ್ನು ಓಡಿಸುವವರನ್ನು ಯಾರೂ ಹಾಗೆ ಪರೀಕ್ಷಿಸಿರಲಿಲ್ಲ. ಇನ್ನೂ ಒಂದು ಮಾತು. ಶ್ರೀರಂಗಪಟ್ಟಣದವರು ಕಾಯಿಲೆ ಜೋರಾದರೆ ಹೋಗುವುದು ಮೈಸೂರಿಗೆ. ನಾಗಮಂಗಲದವರಿಗೆ ತಮ್ಮದೇ ತಾಲೂಕಿನ ಬೆಳ್ಳೂರು ಸಮೀಪದ ಬಿ.ಜಿ. ನಗರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಪಾಂಡವಪುರದವರು ಮಂಡ್ಯಕ್ಕೂ ಹೋಗುತ್ತಾರೆ, ಮೈಸೂರಿಗೂ ಹೋಗುತ್ತಾರೆ. ಸತ್ತವನನ್ನು ಸತ್ತ ಊರಿನ ಲೆಕ್ಕಕ್ಕೆ ಬರೆಯಬೇಕೇ, ಬಾಳಿದ ಊರಿನ ಲೆಕ್ಕಕ್ಕೆ ಬರೆಯಬೇಕೇ? ಇದನ್ನು ಇತ್ಯರ್ಥ ಮಾಡದೆ ನಾಲ್ಕು ತಾಲೂಕುಗಳ ಮರಣವನ್ನು ಹೋಲಿಸುವುದು ವ್ಯರ್ಥ.

ಇಂತಹ ಹೋಲಿಕೆಯನ್ನು ಜಗತ್ತಿನಲ್ಲಿ ಅತ್ಯಂತ ಹೆಚ್ಚಾಗಿ ಮಾಡಿದ್ದು ಯುರೋಪಿನ ಉತ್ತರ ತುದಿಯ ನಾಲ್ಕು ನೆರೆಯ ದೇಶಗಳ ಬಗ್ಗೆ: ಸ್ವೀಡನ್, ನಾರ್ವೆ, ಡೆನ್ಮಾರ್ಕ್, ಫಿನ್‌ಲ್ಯಾಂಡ್. ನಾಲ್ಕೂ ಶ್ರೀಮಂತ ದೇಶಗಳು. ಆಡಳಿತ, ಆಸ್ಪತ್ರೆ, ಜೀವನಕ್ರಮ ಬಹಳ ಮಟ್ಟಿಗೆ ಒಂದೇ. ಆದರೆ 2020ರ ಮಾರ್ಚ್‌ನಲ್ಲಿ ಉಳಿದ ಮೂರು ದೇಶಗಳು ಶಾಲೆ, ಗಡಿಗಳನ್ನು ಮುಚ್ಚಿದಾಗ ಸ್ವೀಡನ್ ಮಾತ್ರ ಕಿರಿಯ ಮಕ್ಕಳ ಶಾಲೆಗಳನ್ನು, ಅಂಗಡಿ, ಉಪಾಹಾರಗೃಹಗಳನ್ನು ತೆರೆದಿಟ್ಟಿತು. ಅಲ್ಲಿನ ಸಾಂಕ್ರಾಮಿಕ ರೋಗತಜ್ಞ ಆಂಡರ್ಸ್ ಟೆಗ್ನೆಲ್ ಹೆಸರು ನಮ್ಮ ಪತ್ರಿಕೆಗಳಲ್ಲಿಯೂ ಬಂತು. ಲಾಕ್‌ಡೌನ್ ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ಸ್ವೀಡನ್ ಒಂದು ಉದಾಹರಣೆಯಾಯಿತು.

ಫಲಿತಾಂಶವೇನು? ಯಾವಾಗಿನ ಫಲಿತಾಂಶ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ. 2020ರ ಕೊನೆಗೆ ನೋಡಿದರೆ ಸುಮಾರು 1.03 ಕೋಟಿ ಜನಸಂಖ್ಯೆಯ ಸ್ವೀಡನ್‌ನಲ್ಲಿ ಕೊರೋನದಿಂದ ಸತ್ತವರು ಸುಮಾರು 9 ಸಾವಿರ. 54 ಲಕ್ಷ ಜನರ ನಾರ್ವೆಯಲ್ಲಿ 500ಕ್ಕಿಂತ ಕಡಿಮೆ. ಜನಸಂಖ್ಯೆಗೆ ಹೋಲಿಸಿದರೆ ಹತ್ತು ಪಟ್ಟಿನ ವ್ಯತ್ಯಾಸ. ವೃದ್ಧಾಶ್ರಮಗಳಲ್ಲಿದ್ದ ಹಿರಿಯರನ್ನು ರಕ್ಷಿಸುವಲ್ಲಿ ದೇಶ ವಿಫಲವಾಯಿತೆಂದು ಸ್ವೀಡನ್ನಿನ ಸರಕಾರವೇ ನೇಮಿಸಿದ ಆಯೋಗ ಆ ಡಿಸೆಂಬರಿನಲ್ಲಿ ವರದಿ ನೀಡಿತು. ಅಲ್ಲಿನ ದೊರೆಯೂ ನಾವು ಸೋತಿದ್ದೇವೆ ಎಂಬ ಮಾತನ್ನಾಡಿದರು. ಆದರೆ 2020ರಿಂದ 2022ರವರೆಗಿನ ಮೂರು ವರ್ಷಗಳನ್ನು ಒಟ್ಟಾಗಿ ತೆಗೆದುಕೊಂಡು, ಎಲ್ಲ ಕಾರಣಗಳ ಮರಣವನ್ನು ಹಿಂದಿನ ವರ್ಷಗಳ ಸರಾಸರಿಯೊಂದಿಗೆ ಹೋಲಿಸಿದಾಗ ಸ್ವೀಡನ್ ಯುರೋಪಿನಲ್ಲಿಯೇ ಅತಿ ಕಡಿಮೆ ಹೆಚ್ಚುವರಿ ಮರಣ ಕಂಡ ದೇಶಗಳ ಸಾಲಿನಲ್ಲಿ ನಿಂತಿತು. ನಾರ್ವೆ ಮತ್ತು ಫಿನ್‌ಲ್ಯಾಂಡ್‌ಗಳಲ್ಲಿ ಮರಣವು 2022ರಲ್ಲಿ ಏರಿತ್ತು. ಮೊದಲ ವರ್ಷದ ಪುಟ ತೆರೆದವನು ಸ್ವೀಡನ್ ಅಪರಾಧಿ ಎನ್ನುತ್ತಾನೆ, ಮೂರನೆಯ ವರ್ಷದ ಪುಟ ತೆರೆದವನು ಸ್ವೀಡನ್ ಜಾಣ ಎನ್ನುತ್ತಾನೆ. ಎರಡು ಪುಟಗಳನ್ನೂ ಓದುವವರು ವಿರಳ. ನಮ್ಮ ಅಭಿಪ್ರಾಯವನ್ನು ಕೇಳಿದರೆ, ಲಸಿಕೆ ಬರುವ ಮುನ್ನವೇ ಸತ್ತ ಆ ಸಾವಿರಾರು ವೃದ್ಧರನ್ನು ಮೂರನೆಯ ವರ್ಷದ ಯಾವ ಸರಾಸರಿಯೂ ಬದುಕಿಸುವುದಿಲ್ಲ.

ಸೋಂಕಿನ ಸಂಖ್ಯೆಯ ಹೋಲಿಕೆಯಂತೂ ಇನ್ನೂ ಕಠಿಣ. ಡೆನ್ಮಾರ್ಕ್ ತನ್ನ ಜನರನ್ನು ಜಗತ್ತಿನಲ್ಲಿಯೇ ಅತಿ ಹೆಚ್ಚು ಪರೀಕ್ಷಿಸಿದ ದೇಶಗಳಲ್ಲೊಂದು. ಆದ್ದರಿಂದ ಅಲ್ಲಿ ಸೋಂಕೂ ಹೆಚ್ಚು ಕಂಡಿತು. ಪರೀಕ್ಷೆಯಲ್ಲಿ ಸೋಂಕು ದೃಢಪಟ್ಟ 30 ದಿನಗಳೊಳಗೆ ಸತ್ತವರನ್ನೆಲ್ಲ ಅಲ್ಲಿ ಕೊರೋನ ಮರಣದ ಪಟ್ಟಿಗೆ ಸೇರಿಸುತ್ತಿದ್ದರು. 2022ರ ಆರಂಭದಲ್ಲಿ ಒಮಿಕ್ರಾನ್ ಮನೆಮನೆಗೆ ಹಬ್ಬಿದಾಗ, ಬೇರೆ ಕಾಯಿಲೆಯಿಂದ ಸತ್ತವರೂ ಪರೀಕ್ಷೆಯಲ್ಲಿ ಸೋಂಕಿತರಾಗಿದ್ದ ಮಾತ್ರಕ್ಕೆ ಆ ಪಟ್ಟಿಗೆ ಸೇರಿದರು. ಡೆನ್ಮಾರ್ಕಿನ ಅಧಿಕಾರಿಗಳು ಇದನ್ನು ಮುಚ್ಚಿಡದೆ ಜನರಿಗೆ ವಿವರಿಸಿ, ಅದೇ ಫೆಬ್ರವರಿ 1ರಂದು ನಿರ್ಬಂಧಗಳನ್ನು ತೆಗೆದರು. ಸಂಖ್ಯೆ ಏರುತ್ತಿರುವಾಗ ನಿರ್ಬಂಧ ತೆಗೆಯುವ ಧೈರ್ಯ ಅವರಿಗೆ ಬಂದದ್ದು ಜನರ ನಂಬಿಕೆಯಿಂದ.

ಆ ದೇಶಗಳಲ್ಲಿಯೂ ಎಲ್ಲರೂ ಸಮಾನರಾಗಿ ಸಾಯಲಿಲ್ಲ. 2020ರ ಮಾರ್ಚ್‌ನಲ್ಲಿ ಸ್ಟಾಕ್‌ಹೋಮಿನಲ್ಲಿ ಮೊದಲು ಸತ್ತ 15 ಮಂದಿಯಲ್ಲಿ 6 ಮಂದಿ ಸೊಮಾಲಿ ಮೂಲದವರೆಂದು ಅಲ್ಲಿನ ಸೊಮಾಲಿ ವೈದ್ಯರ ಸಂಘ ಬಹಿರಂಗಪಡಿಸಿತು. ರಿಂಕೆಬಿ, ಟೆನ್‌ಸ್ಟಾದಂತಹ ವಲಸಿಗರ ಬಡಾವಣೆಗಳಲ್ಲಿ ಅಜ್ಜ, ಮಗ, ಮೊಮ್ಮಗ ಒಂದೇ ಚಿಕ್ಕ ಮನೆಯಲ್ಲಿರುತ್ತಾರೆ. ಅವರಲ್ಲಿ ಹಲವರು ಬಸ್ಸು, ಟ್ಯಾಕ್ಸಿ ಓಡಿಸುತ್ತಾರೆ, ವೃದ್ಧಾಶ್ರಮಗಳಲ್ಲಿ ಸೇವೆ ಮಾಡುತ್ತಾರೆ. ಮನೆಯಲ್ಲಿ ಕುಳಿತು ಮಾಡುವ ಕೆಲಸ ಅವರದ್ದಲ್ಲ. ಟ್ಯಾಕ್ಸಿ ಮತ್ತು ಬಸ್ ಚಾಲಕರು ಅತಿ ಹೆಚ್ಚು ಸೋಂಕಿಗೆ ಒಳಗಾದ ವೃತ್ತಿಯವರೆಂದು ಸ್ವೀಡನ್ನಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯೇ ಆ ವರ್ಷ ಲೆಕ್ಕ ಹಾಕಿ ಹೇಳಿತು. ಸಹೋದರರೇ, ಅಲ್ಲಿಯೂ ಸೊಮಾಲಿಗಳ ಸಂಸ್ಕೃತಿಯೇ ಕಾರಣವೆಂದವರಿದ್ದರು. ಉದ್ಯೋಗ ಮತ್ತು ವಸತಿಯ ಲೆಕ್ಕ ಮುಂದಿಟ್ಟಾಗ ಆ ಮಾತು ತೂಕ ಕಳೆದುಕೊಂಡಿತು. ಮುಂಬೈಯಲ್ಲಿ ಆಟೋ ಓಡಿಸುತ್ತಿದ್ದ ಕೆ.ಆರ್. ಪೇಟೆಯ ಗೌಡರ ಮಗನಿಗೂ ಸ್ಟಾಕ್‌ಹೋಮಿನ ಸೊಮಾಲಿ ಚಾಲಕನಿಗೂ ರೋಗ ತಗಲಿದ್ದು ಒಂದೇ ಕಾರಣದಿಂದ. ಅವರ ಧರ್ಮ ಬೇರೆ, ಭಾಷೆ ಬೇರೆ.

ಇನ್ನು ನಮ್ಮ ರಾಜ್ಯದ ಲೆಕ್ಕಕ್ಕೆ ಬರೋಣ. 2020ರಲ್ಲಿ ಕರ್ನಾಟಕದಲ್ಲಿ ಎಷ್ಟು ಮಂದಿಗೆ ಸೋಂಕು ತಗಲಿತ್ತು? ಸರಕಾರ ಸೆಪ್ಟೆಂಬರ್ ಮೊದಲಾರ್ಧದಲ್ಲಿ ರಕ್ತ ಪರೀಕ್ಷೆಯ ಸಮೀಕ್ಷೆ ನಡೆಸಿ ಶೇಕಡ 27.3 ಎಂದಿತು, ಅಂದರೆ ಸುಮಾರು 1.93 ಕೋಟಿ ಜನ. ದಾಖಲಾದ ಪ್ರತಿಯೊಂದು ಪ್ರಕರಣದ ಹಿಂದೆ ಸುಮಾರು 40 ಸೋಂಕುಗಳಿವೆ ಎಂದೂ ಅದೇ ಸಮೀಕ್ಷೆ ತಿಳಿಸಿತು. ಅದಕ್ಕೂ ಮೊದಲೇ, ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ, ಬೇರೆ ಸಂಶೋಧಕರು ನಡೆಸಿದ ಸಮೀಕ್ಷೆಯೊಂದು ಅಮೇರಿಕದ ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಗ್ರಾಮೀಣ ಭಾಗದಲ್ಲಿ ಶೇಕಡ 44.1, ನಗರಗಳಲ್ಲಿ ಶೇಕಡ 53.8. ಒಂದೇ ರಾಜ್ಯ, ಹೆಚ್ಚುಕಡಿಮೆ ಒಂದೇ ಕಾಲ, ಎರಡು ಲೆಕ್ಕ. ಬಳಸಿದ ಪರೀಕ್ಷಾ ವಿಧಾನ ಬೇರೆ, ಆಯ್ದ ಜನರ ಮಾದರಿ ಬೇರೆ. ಎರಡರಲ್ಲಿ ಯಾವುದನ್ನು ಒಪ್ಪಿದರೂ ಒಂದು ಸಂಗತಿ ನಿಶ್ಚಿತ: ಮೇ ತಿಂಗಳಲ್ಲಿ ನಾವು ಬೆರಳು ತೋರಿಸಿದ ಆ ಕೆಲವು ನೂರು ಮಂದಿ ರೋಗವನ್ನು ಹೊತ್ತು ತಂದ ಏಕೈಕ ಜನರಾಗಿರಲಿಲ್ಲ. ಮೂರು ನಾಲ್ಕು ತಿಂಗಳೊಳಗೆ ರೋಗ ನಾಡಿನ ಕೋಟ್ಯಂತರ ಮಂದಿಯನ್ನು ಯಾರ ಹೆಸರನ್ನೂ ಕೇಳದೆ ಮುಟ್ಟಿ ಹೋಗಿತ್ತು.

ಮರಣದ ಲೆಕ್ಕ ಇನ್ನೂ ಕಹಿ. 2021ರ ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50,112 ಪ್ರಕರಣಗಳು ದಾಖಲಾದವು. ಅದಕ್ಕೆ ಮೂರು ದಿನ ಮೊದಲು, ಮೇ 2ರ ರಾತ್ರಿ, ನಮ್ಮ ನೆರೆಯ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ ಜನ ಒದ್ದಾಡಿದರು. 24 ಮಂದಿ ಸತ್ತರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂಬುದು ಅಂದಿನ ಸರಕಾರದ ಮೊದಲ ವಿವರಣೆಯಾಗಿತ್ತು. ಹೈಕೋರ್ಟು ನೇಮಿಸಿದ ಸಮಿತಿ ಬಂದು ಆ ವಿವರಣೆಯನ್ನು ಅಲ್ಲಗಳೆಯಬೇಕಾಯಿತು. ಸತ್ತವನನ್ನು ಯಾವ ಸಾಲಿನಲ್ಲಿ ಬರೆಯುವುದು ಎಂಬುದು ಬರೇ ಗುಮಾಸ್ತನ ಕೆಲಸವಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕೇ?

ಇಡೀ ದೇಶದ ಲೆಕ್ಕವೂ ಹೀಗೆಯೇ. 2021ರ ಕೊನೆಯವರೆಗೆ ಭಾರತದಲ್ಲಿ ಕೊರೋನದಿಂದ ಸತ್ತವರು 4.81 ಲಕ್ಷ ಎಂದು ಸರಕಾರ ಹೇಳಿದರೆ, ಆ ಎರಡು ವರ್ಷಗಳ ಹೆಚ್ಚುವರಿ ಮರಣ ಸುಮಾರು 47 ಲಕ್ಷವೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜಿಸಿತು. ಸರಕಾರ ಆ ವಿಧಾನವನ್ನು ಆಕ್ಷೇಪಿಸಿತು. ಕೊನೆಗೆ 2025ರ ಮೇಯಲ್ಲಿ ಸರಕಾರದ್ದೇ ಜನನ ಮರಣ ನೋಂದಣಿಯ ವರದಿ ಹೊರಬಂತು: 2020ರಲ್ಲಿ ನೋಂದಣಿಯಾದ ಮರಣ 81.2 ಲಕ್ಷ, 2021ರಲ್ಲಿ 1.02 ಕೋಟಿ. ಒಂದೇ ವರ್ಷದಲ್ಲಿ 20 ಲಕ್ಷಕ್ಕೂ ಮಿಕ್ಕಿ ಏರಿಕೆ. ಅದೆಲ್ಲವೂ ಕೊರೋನದಿಂದಲೇ ಆದದ್ದೆಂದು ಹೇಳಲಾಗದು, ನೋಂದಣಿಯ ಪ್ರಮಾಣವೂ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಆದರೂ ನಾಲ್ಕು ವರ್ಷ ತಡವಾಗಿ ಬಂದ ಆ ಅಂಕಿಯನ್ನು ಕಂಡು ನಮಗೆ ಆಶ್ಚರ್ಯವಾಗಲಿಲ್ಲ. ಆ ಮೇ ತಿಂಗಳಲ್ಲಿ ಗೋರಿ ತೋಡಿದವರಿಗೆ, ಸ್ಮಶಾನದಲ್ಲಿ ಸರದಿ ನಿಂತವರಿಗೆ ಆಗಲೇ ಗೊತ್ತಿತ್ತು.

ಲೆಕ್ಕ ತಪ್ಪಿದರೆ ಬಡವನಿಗೆ ಆಗುವ ನಷ್ಟ ಎಂತಹದ್ದು? ಸುಪ್ರೀಂ ಕೋರ್ಟಿನ ಆದೇಶದಂತೆ ಕೊರೋನದಿಂದ ಸತ್ತವರ ಕುಟುಂಬಕ್ಕೆ 50,000 ರೂಪಾಯಿ ಪರಿಹಾರ ನಿಗದಿಯಾಯಿತು. ಗುಜರಾತಿನಲ್ಲಿ ಅಧಿಕೃತ ಮರಣ ಸುಮಾರು 10 ಸಾವಿರ ಇದ್ದರೆ, 2022ರ ಜನವರಿಯ ಹೊತ್ತಿಗೆ ಪರಿಹಾರಕ್ಕೆ ಬಂದ ಅರ್ಜಿಗಳು ಸುಮಾರು 90 ಸಾವಿರ. ಪರೀಕ್ಷೆಯೇ ಆಗದೆ ಹಳ್ಳಿಯ ಮನೆಯಲ್ಲಿ ಉಸಿರುಕಟ್ಟಿ ಸತ್ತವನ ಹೆಂಡತಿ ಯಾವ ಕಾಗದ ಹಿಡಿದು ಕಚೇರಿಗೆ ಹೋಗಬೇಕು? ಅವಳ ಪಾಲಿಗೆ ಅಂಕಿಅಂಶವೆಂದರೆ ಮಕ್ಕಳ ಅನ್ನ.

ಇಲ್ಲಿ ನಮ್ಮ ಸಮುದಾಯಕ್ಕೂ ಒಂದು ಮಾತು ಹೇಳದಿದ್ದರೆ ಅನ್ಯಾಯವಾದೀತು. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ ಮಾಹಿತಿ ಕೇಳಲು ಬಂದ ಆಶಾ ಕಾರ್ಯಕರ್ತೆಯರನ್ನು ತಡೆದು ನಿಂದಿಸಲಾಯಿತು. ಪೌರತ್ವದ ಪಟ್ಟಿಯ ಭಯ ಇನ್ನೂ ಹಸಿಯಾಗಿದ್ದ ದಿನಗಳವು, ಹೆಸರು ಬರೆದುಕೊಳ್ಳುವ ಯಾರನ್ನು ಕಂಡರೂ ಜನ ಅನುಮಾನಿಸುತ್ತಿದ್ದರು ಎಂಬುದು ನಿಜ. ಆದರೂ ಪುಡಿಗಾಸಿಗೆ ಜೀವ ಪಣಕ್ಕಿಟ್ಟು ಬಿಸಿಲಲ್ಲಿ ನಡೆದು ಬಂದ ಆ ತಾಯಂದಿರ ಮೇಲೆ ಕೈಮಾಡಿದ್ದನ್ನು ಯಾವ ಭಯವೂ ಸಮರ್ಥಿಸಲಾರದು. ಲಸಿಕೆಯ ವಿಷಯದಲ್ಲಿಯೂ ಊಹಾಪೋಹಗಳನ್ನು ನಂಬಿ ಮೊದಲ ತಿಂಗಳುಗಳನ್ನು ಕಳೆದುಕೊಂಡ ಮನೆಗಳು ಎಲ್ಲ ಸಮುದಾಯಗಳಲ್ಲೂ ಇದ್ದವು, ನಮ್ಮಲ್ಲೂ ಇದ್ದವು. ಖಲೀಫಾ ಉಮರ್(ರ) ಸಿರಿಯಾದ ಕಡೆ ಹೊರಟಾಗ ಅಲ್ಲಿ ಪ್ಲೇಗ್ ಹಬ್ಬಿದ ಸುದ್ದಿ ದಾರಿಯಲ್ಲಿ ತಲುಪಿತು. ಅವರು ಹಿರಿಯರನ್ನು ಗುಂಪು ಗುಂಪಾಗಿ ಕರೆದು ವಿಚಾರಿಸಿದರು, ಭಿನ್ನಾಭಿಪ್ರಾಯವನ್ನು ಆಲಿಸಿದರು, ಬಳಿಕ ಹಿಂದಿರುಗಿದರು. ಅಬೂ ಉಬೈದಾರಂತಹ(ರ) ಮಹಾನ್ ಸಹಾಬಿ ಆಕ್ಷೇಪಿಸಿದಾಗಲೂ ಅವರ ನಿರ್ಧಾರ ಬದಲಾಗಲಿಲ್ಲ. ಮಾಹಿತಿಯ ಮುಂದೆ ತಲೆಬಾಗುವುದು ವಿಶ್ವಾಸದ ದೌರ್ಬಲ್ಯವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನವನ್ನು ನಾವು ಎಲ್ಲಿ ಹುಡುಕೋಣ?

ಸ್ವೀಡನ್ನಿನ ಅಂಕಿಅಂಶಗಳನ್ನು ಜಗತ್ತು ನಂಬುವುದೇಕೆ ಎಂಬ ಪ್ರಶ್ನೆಗೆ ಉತ್ತರ ಅದರ ಶ್ರೀಮಂತಿಕೆಯಲ್ಲಿಲ್ಲ. ಸ್ವೀಡನ್ ಬಡ ದೇಶವಾಗಿದ್ದಾಗಲೇ, 1686ರ ಚರ್ಚ್ ಕಾನೂನಿನಂತೆ, ಅಲ್ಲಿನ ಪ್ರತಿಯೊಂದು ಚರ್ಚಿನ ಪಾದ್ರಿ ತನ್ನ ವ್ಯಾಪ್ತಿಯ ಜನನ, ಮದುವೆ, ಮರಣಗಳನ್ನು ಪುಸ್ತಕದಲ್ಲಿ ಬರೆಯಬೇಕಾಗಿತ್ತು. 1749ರಿಂದ ಸರಕಾರ ಆ ಪುಸ್ತಕಗಳಿಂದ ಇಡೀ ದೇಶದ ಕೋಷ್ಟಕವನ್ನು ತಯಾರಿಸತೊಡಗಿತು. ಇಂದು ಅಲ್ಲಿ ಪ್ರತಿಯೊಬ್ಬರಿಗೂ ಒಂದು ಸಂಖ್ಯೆಯಿದೆ, ಯಾರಾದರೂ ಸತ್ತರೆ ಅದು ಕೆಲವೇ ದಿನಗಳಲ್ಲಿ ರಾಷ್ಟ್ರೀಯ ದಾಖಲೆಗೆ ಸೇರುತ್ತದೆ. ಇದರ ಬುನಾದಿ ಹಾಕಿದ್ದು ಹಳ್ಳಿಯ ಆರಾಧನಾಲಯದ ಒಂದು ಪುಸ್ತಕ.

ನಮ್ಮಲ್ಲಿ ಅಂತಹ ಪುಸ್ತಕವಿಲ್ಲವೇ? ಇದೆ. ಈ ನಾಲ್ಕು ತಾಲೂಕುಗಳಲ್ಲಿ ಮುಸ್ಲಿಮರ ಸಂಖ್ಯೆ ಕಡಿಮೆ. ಇಡೀ ಮಂಡ್ಯ ಜಿಲ್ಲೆಯಲ್ಲಿಯೇ ನೂರಕ್ಕೆ ನಾಲ್ಕರ ಆಸುಪಾಸು. ಆದರೆ ಮಸೀದಿಯಿರುವ ಕಡೆ ಖಬರಸ್ತಾನವಿದೆ, ಗೋರಿ ತೋಡಿದ ಕೂಲಿಯ ಲೆಕ್ಕವಿದೆ, ಕೆಲವು ಕಡೆ ದಫನ ಮಾಡಿದವರ ಹೆಸರು, ತಾರೀಖುಗಳ ಪುಸ್ತಕವೂ ಇದೆ. ಸರಕಾರದ ಪಟ್ಟಿ ಕೊರೋನ ಎಂದು ಬರೆದ ಮರಣವನ್ನು ಮಾತ್ರ ಹೇಳುತ್ತದೆ. ನಮ್ಮ ಪುಸ್ತಕಕ್ಕೆ ರೋಗದ ಹೆಸರೇ ಬೇಕಾಗಿಲ್ಲ. 2018, 2019ರಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಎಷ್ಟು ದಫನ, 2021ರ ಅದೇ ಮೂರು ತಿಂಗಳಲ್ಲಿ ಎಷ್ಟು ದಫನ? ಹೆಚ್ಚುವರಿ ಮರಣ ಎಂಬ ದೊಡ್ಡ ಹೆಸರಿನ ವಿದ್ಯೆ ಇಷ್ಟೇ. ಒಂದು ಮಸೀದಿಯ ಅಂಕಿ ಚಿಕ್ಕದು, ಅದರಿಂದ ಏನನ್ನೂ ಸಾಧಿಸಲಾಗದು. ನಾಲ್ಕು ತಾಲೂಕುಗಳ ಎಲ್ಲ ಮಸೀದಿಗಳದ್ದು ಸೇರಿದರೆ, ಅದಕ್ಕೆ ನೆರೆಹೊರೆಯ ಹಿಂದೂ ಸಹೋದರರ ಸ್ಮಶಾನಗಳ, ಗ್ರಾಮ ಪಂಚಾಯತುಗಳ ದಾಖಲೆ ಸೇರಿದರೆ, ಅದು ಯಾವ ಅಧಿಕಾರಿಯೂ ತಳ್ಳಿಹಾಕಲಾಗದ ಸಾಕ್ಷ್ಯವಾಗುತ್ತದೆ.

ಆದ್ದರಿಂದ ಇಲ್ಲಿಗೆ ಬಂದಿರುವ ಸಮಿತಿಗಳ ಕಾರ್ಯದರ್ಶಿಗಳಲ್ಲಿ ನಮ್ಮ ವಿನಂತಿ ಇದು. ಪುಸ್ತಕ ಇಲ್ಲದ ಕಡೆ ಈ ತಿಂಗಳೇ ಆರಂಭಿಸಿರಿ. ಹೆಸರು, ವಯಸ್ಸು, ಗಂಡು ಹೆಣ್ಣು, ಸತ್ತ ತಾರೀಖು, ಸತ್ತ ಸ್ಥಳ, ವಾಸದ ಊರು, ಎಷ್ಟು ದಿನದ ಕಾಯಿಲೆ, ಇಷ್ಟು ಸಾಕು. ಸತ್ತ ಸ್ಥಳಕ್ಕೂ ವಾಸದ ಊರಿಗೂ ಬೇರೆ ಬೇರೆ ಅಂಕಣವಿರಲಿ. ಮೈಸೂರಿನ ಆಸ್ಪತ್ರೆಯಲ್ಲಿ ಸತ್ತ ಗಂಜಾಮಿನವನು ಎರಡೂ ಕಡೆ ಕಳೆದುಹೋಗಬಾರದು. ಹೆಂಗಸರ, ಎಳೆಯ ಶಿಶುಗಳ ಹೆಸರು ಬಿಡಬೇಡಿ. ಕಾನೂನಿನ ಪ್ರಕಾರ ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಮನೆಯವರು ದುಃಖದಲ್ಲಿ ಮರೆಯುತ್ತಾರೆ. ಹತ್ತನೆಯ ದಿನಕ್ಕೆ ಸಮಿತಿಯ ಒಬ್ಬ ಯುವಕ ಆ ಮನೆಗೆ ಹೋಗಿ, ಅವರನ್ನು ಜತೆಗೆ ಕರೆದುಕೊಂಡು ಜನನ ಮರಣ ನೋಂದಣಿಯ ಕಚೇರಿಗೆ ತಲುಪಿಸಲಿ. 2021ರಲ್ಲಿ ಸತ್ತವರ ಪೈಕಿ ಇನ್ನೂ ನೋಂದಣಿಯಾಗದವರು ಇದ್ದರೆ, ತಡವಾದ ನೋಂದಣಿಗೂ ಕಾನೂನಿನಲ್ಲಿ ದಾರಿಯಿದೆ, ಅಧಿಕಾರಿಯ ಆದೇಶ ಪಡೆಯಬೇಕಾಗುತ್ತದೆ ಅಷ್ಟೇ. ಅಂತಹ ಕುಟುಂಬಗಳ ಹೆಸರನ್ನು ಊಟದ ವಿರಾಮದ ಮೊದಲು ಬಾಗಿಲ ಬಳಿಯ ಮೇಜಿನಲ್ಲಿ ಬರೆಸಿರಿ. ಯಾವ ಜಾತಿ, ಯಾವ ಧರ್ಮದ ಕುಟುಂಬವಾದರೂ ಸರಿ.